ಮಳೆ ನಮ್ಮದು, ರಾಡಾರ್ ಚಿತ್ರ ಯಾರಿಗೆ?



ಕನ್ನಡಕ್ಕಾಗಿ ದನಿ ಎತ್ತುವಾಗ ನಾವು ಸಾಮಾನ್ಯವಾಗಿ ಮಾತಾಡುವುದು ನಾಮಫಲಕ, ಬ್ಯಾಂಕಿನ ಚಲನ್, ರೈಲ್ವೆ ಅರ್ಜಿ, ವಿಮಾನದ ಘೋಷಣೆ ಇವುಗಳ ಬಗ್ಗೆ. ಅವೆಲ್ಲ ಬೇಕಾದವೇ. ಈ ಸಲ ನಾನು ಬರೆಯುತ್ತಿರುವುದು ಒಂದು ಚಿತ್ರದ ಬಗ್ಗೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೊಸದಾಗುವ, ಮಳೆ ಈ ಹೊತ್ತಿನಲ್ಲಿ ಎಲ್ಲಿದೆ, ಎತ್ತ ಸಾಗುತ್ತಿದೆ ಎಂದು ತೋರಿಸುವ ರಾಡಾರ್ ಚಿತ್ರ. ಅದು ನಮ್ಮ ಕರಾವಳಿಗೆ ತೀರಾ ತಡವಾಗಿ ಬಂತು. ಬಂದ ಮೇಲೂ ಅದರ ಅಗತ್ಯ ಯಾರಿಗೆ ಹೆಚ್ಚೋ ಅವರ ಕೈಗೆ ಬಂದಿಲ್ಲ. ಈ ಮಾತನ್ನು ಇವತ್ತು ನಾವು ಜೋರಾಗಿ ಹೇಳಲೇಬೇಕು.

ಇಲ್ಲಿ ಹೇಗಿದೆ ನೋಡಿ

ನಾನಿರುವ ಆಸ್ಟ್ರೇಲಿಯಾದಲ್ಲಿ ಬಟ್ಟೆ ಒಣಹಾಕುವವರಿಂದ ಹಿಡಿದು ಸಾವಿರಾರು ಎಕರೆ ಗೋಧಿ ಕಟಾವು ಮಾಡುವವರವರೆಗೆ ಎಲ್ಲರೂ ಮೊದಲು ನೋಡುವುದು ಹವಾಮಾನ ಇಲಾಖೆಯ ರಾಡಾರ್. 2025ರ ಅಕ್ಟೋಬರ್ 22ರಂದು ಇಲಾಖೆ ತನ್ನ ಜಾಲತಾಣವನ್ನು ಪೂರ್ತಿ ಬದಲಿಸಿತು. ರಾಡಾರ್ ಚಿತ್ರದ ಬಣ್ಣಗಳೂ ಬದಲಾದವು. ಜನ ಸುಮ್ಮನಿದ್ದರೆ? ಇಲ್ಲ! "ಜೋರು ಮಳೆಯನ್ನೂ ಸಾಧಾರಣ ಮಳೆಯಂತೆ ತೋರಿಸುತ್ತಿದ್ದೀರಿ" ಎಂದು ರೈತರು, ದೋಣಿಯವರು, ಮಂತ್ರಿಗಳು ಸಹ ತರಾಟೆಗೆ ತೆಗೆದುಕೊಂಡರು. ಹತ್ತು ದಿನದೊಳಗೆ ಇಲಾಖೆ ರಾಡಾರಿಗೆ ಹಳೆಯ ರೂಪವನ್ನೇ ಮತ್ತೆ ಕೊಟ್ಟಿತು. ನವೆಂಬರಿನಲ್ಲಿ ಆ ಜಾಲತಾಣಕ್ಕೆ 9.65 ಕೋಟಿ ಡಾಲರ್ ಖರ್ಚಾಗಿದೆ ಎಂಬುದು ಹೊರಬಂದಾಗ ಇನ್ನೊಂದು ಸುತ್ತಿನ ಗಲಾಟೆ ಆಯಿತು.

ಒಂದು ಚಿತ್ರದ ಬಣ್ಣಕ್ಕಾಗಿ ಇಷ್ಟೊಂದು ಜಗಳ ಏಕೆ? ಆ ಚಿತ್ರ ತಮ್ಮದು ಎಂದು ಇಲ್ಲಿನ ಜನ ತಿಳಿದಿದ್ದಾರೆ. ತೆರಿಗೆ ಕಟ್ಟಿ ನಿಲ್ಲಿಸಿದ ಯಂತ್ರ ನಮಗೆ ಅರ್ಥವಾಗುವಂತೆ ಹೇಳಬೇಕು ಎಂಬುದು ಅವರ ಪಾಲಿಗೆ ಹಕ್ಕು. ನಮ್ಮ ಕರಾವಳಿಯಲ್ಲಿ ದಶಕಗಳ ಕಾಲ ರಾಡಾರೇ ಇರಲಿಲ್ಲ. ನಾವು ಎಷ್ಟು ಗಲಾಟೆ ಮಾಡಿದೆವು ಎಂದು ಸ್ವಲ್ಪ ಯೋಚಿಸೋಣ.

ಭೂಮಿ ಗುಂಡಗಿದೆ, ಸ್ವಾಮಿ

ಚೆನ್ನೈಗೆ ಡಾಪ್ಲರ್ ರಾಡಾರ್ ಬಂದದ್ದು 2002ರಲ್ಲಿ. ಮಂಗಳೂರಿಗೆ ಬಂದದ್ದು 2025ರಲ್ಲಿ. ನಡುವೆ 23 ವರ್ಷ! ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಹೆಚ್ಚು, ಹಾಗಾಗಿ ಪೂರ್ವ ಕರಾವಳಿಗೆ ಮೊದಲ ಪಾಲು ಎಂಬುದನ್ನು ಒಪ್ಪೋಣ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಮೀಟರಿನಷ್ಟು ಮಳೆ ಸುರಿಯುವ ನಾಡು ಇಷ್ಟು ವರ್ಷ ಕಾಯಬೇಕಿತ್ತೇ?

"ಗೋವಾದಲ್ಲಿ ಇದೆ, ಕೊಚ್ಚಿಯಲ್ಲಿ ಇದೆ, ಸಾಲದೇ?" ಎನ್ನುವವರಿದ್ದರು. ಸಾಲದು. ಪಣಜಿಯಿಂದ ಮಂಗಳೂರಿಗೆ ನೇರ ಗೆರೆಯಲ್ಲಿ ಸುಮಾರು 300 ಕಿ.ಮೀ., ಕೊಚ್ಚಿಯಿಂದ ಸುಮಾರು 360 ಕಿ.ಮೀ. ರಾಡಾರಿನ ಕಿರಣ ನೇರವಾಗಿ ಹೋಗುತ್ತದೆ, ಭೂಮಿ ಬಾಗುತ್ತಾ ಕೆಳಗಿಳಿಯುತ್ತದೆ. ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ 100 ಕಿ.ಮೀ. ದೂರದಲ್ಲಿ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿರುತ್ತದೆ. 200 ಕಿ.ಮೀ. ದೂರದಲ್ಲಿ ನಾಲ್ಕು ಕಿ.ಮೀ., 250ರಲ್ಲಿ ಹೆಚ್ಚುಕಡಿಮೆ ಆರು ಕಿ.ಮೀ. ಮುಂಗಾರಿನಲ್ಲಿ ನಮ್ಮ ಕರಾವಳಿಯ ಮಳೆ ಬಹಳಷ್ಟು ಸಲ ಬೀಳುವುದು ಘಟ್ಟಕ್ಕೆ ತಾಗಿ ನಿಂತ ತಗ್ಗಿನ ಮೋಡಗಳಿಂದ. ದೂರದ ರಾಡಾರ್ ಅವುಗಳ ತಲೆಯ ಮೇಲಿಂದಲೇ ನೋಡಿಬಿಡುತ್ತದೆ. ಉಡುಪಿಯಲ್ಲಿ ಧೋ ಎಂದು ಸುರಿಯುತ್ತಿದ್ದರೂ ಚಿತ್ರ ಖಾಲಿ!

ಮಂಗಳೂರಿನ ರಾಡಾರಿನಿಂದ ಕುಂದಾಪುರದವರೆಗೆ ಈ ಕೊರತೆ ನೀಗುತ್ತದೆ. ಕಾರವಾರ ಗೋವಾಕ್ಕೆ ಹತ್ತಿರ. ಆದರೆ ಕುಮಟಾ, ಹೊನ್ನಾವರದ ಕಡೆ ನೋಡಿ. ಕುಮಟಾ ಪಣಜಿಯಿಂದ ಸುಮಾರು 135 ಕಿ.ಮೀ., ಮಂಗಳೂರಿನಿಂದ ಸುಮಾರು 175 ಕಿ.ಮೀ. ಯಾವ ಕಡೆಯಿಂದ ನೋಡಿದರೂ ಎರಡು ಕಿ.ಮೀ.ಗಿಂತ ಕೆಳಗಿನ ಮಳೆ ಸರಿಯಾಗಿ ಕಾಣದು. ಆದ್ದರಿಂದ ಎರಡೂ ರಾಡಾರನ್ನು ಹೊಲಿದು ಇಡೀ ಕರಾವಳಿಗೆ ಒಂದೇ ಚಿತ್ರ ಕೊಡಬೇಕು. ಇದು ನಮ್ಮ ಮೊದಲ ಬೇಡಿಕೆ.

ಎರಡು ಗಂಟೆಯ ಬೆಲೆ

ರಾಡಾರ್ ನಾಳೆಯ ಮಳೆಯನ್ನು ಹೇಳುವುದಿಲ್ಲ. ಅದು ಹೇಳುವುದು ಮುಂದಿನ ಒಂದೆರಡು ಗಂಟೆಯದ್ದನ್ನು. "ಅಷ್ಟಕ್ಕೆ ಇಷ್ಟೆಲ್ಲ ಬೇಕೇ?" ಎಂದು ಏರ್ ಕಂಡೀಷನ್ ಕಚೇರಿಯಲ್ಲಿ ಕೂತವರು ಕೇಳಬಹುದು. ಅಡಿಕೆ ತೋಟದವರನ್ನು ಕೇಳಿ ನೋಡಿ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೊದಲ ಸಲ ಮಳೆ ಹಿಡಿಯುವ ಮುಂಚೆ, ಎರಡನೇ ಸಲ 40–45 ದಿನ ಕಳೆದ ಮೇಲೆ. ಆ ಎರಡನೇ ಸಲ ಎಂದರೆ ಜುಲೈ, ಆಕಾಶಕ್ಕೆ ತೂತು ಬಿದ್ದ ತಿಂಗಳು. ದ್ರಾವಣವನ್ನು ಕಲಸಿದ ದಿನವೇ ಬಳಸಬೇಕು. ಹೊಡೆದದ್ದು ಗೊನೆಯ ಮೇಲೆ ಒಣಗಿ ಹಿಡಿಯುವಷ್ಟು ಹೊತ್ತು ಮಳೆ ಬರಬಾರದು. ಮರ ಹತ್ತುವ ಕೊನೆಗೌಡರು ಸಿಗುವುದೇ ಕಷ್ಟ, ಸಿಕ್ಕ ದಿನ ಮಳೆ ಹೊಳವಾಗಬೇಕು. ಆ ಹೊಳವು ಎಷ್ಟು ಹೊತ್ತು ಇರುತ್ತದೆ? ಇಷ್ಟು ದಿನ ಪಡುವಣ ದಿಕ್ಕು ನೋಡಿ ಅಂದಾಜು ಮಾಡುತ್ತಿದ್ದರು. ಕಡಲಿನ ಮೇಲೆ 40 ಕಿ.ಮೀ. ದೂರದಲ್ಲಿ ಮಳೆಯ ಪಟ್ಟೆ ಇದೆ, ಕಳೆದ ಅರ್ಧ ಗಂಟೆಯಲ್ಲಿ ಅದು 20 ಕಿ.ಮೀ. ಇತ್ತ ಬಂದಿದೆ ಎಂದು ರಾಡಾರ್ ತೋರಿಸಿದರೆ ಕೈಯಲ್ಲಿ ಒಂದು ಗಂಟೆ ಇದೆ ಎಂದಾಯಿತು. ಒಂದು ಗಂಟೆ ಸಾಲದು ಎಂದಾದರೆ ಇವತ್ತು ಸುಣ್ಣ ಕಲಸುವುದೇ ಬೇಡ. ಒಂದು ದಿನದ ಕೂಲಿ, ಮೈಲುತುತ್ತ, ಕೊನೆಗೆ ಆ ವರ್ಷದ ಫಸಲು, ಇಷ್ಟೂ ಆ ಒಂದು ಲೆಕ್ಕದ ಮೇಲೆ ನಿಂತಿವೆ.

ಇನ್ನು ಕಡಲಿಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ 61 ದಿನ ಕಡಲಿಗಿಳಿಯುವುದು ನಾಡದೋಣಿಗಳು. ಅಂದರೆ ವರ್ಷದ ಅತಿ ಕೆಟ್ಟ ಹವೆಯಲ್ಲಿ ಅತಿ ಚಿಕ್ಕ ದೋಣಿಗಳು! ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿಯನ್ನು ಮಳೆಗಾಲದಲ್ಲಿ ನಾವೆಲ್ಲ ಓದುತ್ತಲೇ ಇರುತ್ತೇವೆ. ರಾಡಾರ್ ಅಲೆಯನ್ನು ತೋರಿಸುವುದಿಲ್ಲ. ಕಡಲಿಗಿಳಿಯಬೇಡಿ ಎಂಬ ಎಚ್ಚರಿಕೆ ಇದ್ದಾಗ ರಾಡಾರ್ ಖಾಲಿ ಇದೆ ಎಂದು ಹೊರಡುವುದು ಶುದ್ಧ ತಪ್ಪು. ಆದರೆ ಎಚ್ಚರಿಕೆ ಇಲ್ಲದ ದಿನವೂ ಗಾಳಿ ಹೊತ್ತ ಮಳೆಯ ಸಾಲು ದಿಢೀರನೆ ಬರುತ್ತದೆ. ಅದನ್ನು ಅರ್ಧ ಗಂಟೆ ಮುಂಚೆ ಕಂಡವನು ದಡಕ್ಕೆ ತಿರುಗುತ್ತಾನೆ, ಕಾಣದವನು ಬಲೆ ಎಳೆಯುತ್ತಲೇ ಇರುತ್ತಾನೆ.

ಶಾಲೆಗೆ ರಜೆಯ ವಿಷಯವೂ ಹಾಗೆಯೇ. ಹಿಂದಿನ ಸಂಜೆ ಜಿಲ್ಲೆಗೆಲ್ಲ ರೆಡ್ ಅಲರ್ಟ್, ಮಾರನೆಯ ದಿನ ಬಿಸಿಲು ಎಂದು ನಮ್ಮ ಊರಿನವರು ನಗುತ್ತಾರೆ. ತಪ್ಪು ಅಲರ್ಟಿನದಲ್ಲ. ರೆಡ್ ಎಂದರೆ 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳಬಹುದು ಎಂಬ ಜಿಲ್ಲಾ ಮಟ್ಟದ ಸೂಚನೆ. ನಿಮ್ಮ ಮನೆಯ ಅಂಗಳದಲ್ಲಿ ಹತ್ತು ಗಂಟೆಗೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ರಾಡಾರ್. ಎರಡೂ ಜನರ ಕೈಯಲ್ಲಿದ್ದರೆ ಅಲರ್ಟಿನ ಮೇಲಿನ ನಂಬಿಕೆಯೂ ಉಳಿಯುತ್ತದೆ.

"ಬಣ್ಣಕ್ಕೆ ಭಾಷೆ ಯಾಕೆ?"

ಈ ಪ್ರಶ್ನೆ ನಮ್ಮವರಿಂದಲೇ ಬರುತ್ತದೆ ಎಂದು ಗೊತ್ತು. ಉತ್ತರ ಇಲ್ಲಿದೆ. ಭಾರತೀಯ ಹವಾಮಾನ ಇಲಾಖೆಯ ರಾಡಾರ್ ಚಿತ್ರವನ್ನು ತೆರೆದು ನೋಡಿ. ಮ್ಯಾಕ್ಸ್ ಝಡ್, ಪಿಪಿಐ, ಎಸ್‌ಆರ್‌ಐ, ಡಿಬಿಝಡ್ ಎಂದು ಎಲ್ಲವೂ ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ಬಣ್ಣದ ಪಟ್ಟಿ, ಅದರ ಮೇಲೆ ಅಂಕಿಗಳು. ಇಂಜಿನಿಯರಿಂಗ್ ಓದಿದ ನಮಗೇ ಡಿಬಿಝಡ್ ಎಂದರೆ ಮಳೆಹನಿಗೆ ತಾಗಿ ಮರಳಿದ ಅಲೆಯ ಬಲ ಎಂದು ಹೇಳಿಕೊಳ್ಳಲು ಒಂದು ನಿಮಿಷ ಬೇಕು. ಗಂಗೊಳ್ಳಿಯ ಮೀನುಗಾರರಿಗೆ ಆ ಅಂಕಿಯಿಂದ ಏನು ಉಪಯೋಗ? ಅವರಿಗೆ ಬೇಕಾದದ್ದು ನಾಲ್ಕೇ ಮಾತು: ಜಿಟಿಜಿಟಿ, ಸಾಧಾರಣ, ಜೋರು, ಭಾರೀ. ಜೊತೆಗೆ ತಮ್ಮ ಊರಿನ ಹೆಸರು ತಮಗೆ ಓದಲು ಬರುವ ಲಿಪಿಯಲ್ಲಿ. ಕರಾವಳಿಯಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ ಏನೇ ಇರಲಿ, ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡದ್ದು.

ಬರೀ ಅನುವಾದದ ಪ್ರಶ್ನೆಯೂ ಇದಲ್ಲ. 40 ಡಿಬಿಝಡ್ ಎಂದರೆ ಹಳೆಯ ಪಾಶ್ಚಾತ್ಯ ಸೂತ್ರದ ಪ್ರಕಾರ ಗಂಟೆಗೆ ಸುಮಾರು 11 ಮಿ.ಮೀ. ಮಳೆ. ಉಷ್ಣವಲಯದ ಮಳೆಗೆ ಬಳಸುವ ಸೂತ್ರ ಹಾಕಿದರೆ ಅದೇ 40ಕ್ಕೆ ಸುಮಾರು 21 ಮಿ.ಮೀ.! ನಮ್ಮ ತಗ್ಗು ಮೋಡದ ಮಳೆಯಲ್ಲಿ ಸಣ್ಣ ಹನಿಗಳು ಒತ್ತೊತ್ತಾಗಿ ಬೀಳುತ್ತವೆ, ರಾಡಾರಿಗೆ ಅದು ಕಡಿಮೆಯಾಗಿ ಕಾಣುತ್ತದೆ. ಹೊರದೇಶದ ಬಣ್ಣದ ಪಟ್ಟಿಯನ್ನು ಹಾಗೇ ತಂದು ಅಂಟಿಸಿದರೆ ನಮ್ಮ ಜೋರು ಮಳೆ ಅಲ್ಲಿ "ಸಾಧಾರಣ" ಎನಿಸಿಕೊಳ್ಳುತ್ತದೆ. ಇಲ್ಲಿನ ಮಳೆಗೆ ಇಲ್ಲಿನದೇ ಅಳತೆ ಬೇಕು. ಅದಕ್ಕೆ ಬೇಕಾದ ಮಾಪಕಗಳೂ ನಮ್ಮಲ್ಲಿವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆ ಮಾಪಕಗಳನ್ನು ನಿಲ್ಲಿಸಿದೆ. ರಾಜ್ಯದ ಮಾಪಕ, ಕೇಂದ್ರದ ರಾಡಾರ್, ಎರಡನ್ನೂ ಕೂಡಿಸಿದರೆ ದೇಶಕ್ಕೇ ಮಾದರಿಯಾಗುವ ಮಳೆ ನಕ್ಷೆ ಸಿಗುತ್ತದೆ.

"ಆ್ಯಪ್‌ಗಳಿವೆಯಲ್ಲ?" ಎನ್ನುವವರಿಗೆ ಒಂದು ಮಾತು. ಫೋನಿನಲ್ಲಿ ಬಣ್ಣಬಣ್ಣವಾಗಿ ಓಡುವ ಎಲ್ಲ ಮಳೆ ನಕ್ಷೆಯೂ ರಾಡಾರ್ ಅಲ್ಲ. ಹಲವು ಬರೀ ಕಂಪ್ಯೂಟರ್ ಮಾದರಿಯ ಲೆಕ್ಕ, ಇಲ್ಲವೇ ಉಪಗ್ರಹ ಚಿತ್ರದಿಂದ ಮಾಡಿದ ಅಂದಾಜು. ಪರದೇಶದಲ್ಲಿ ಕೂತು ಅದನ್ನು ನೋಡಿ "ಅಮ್ಮಾ, ನಿಮ್ಮಲ್ಲಿ ಈಗ ಮಳೆ ಅಲ್ವಾ?" ಎಂದರೆ ಆ ಕಡೆಯಿಂದ "ಇಲ್ಲ ಮಾರಾಯ, ಬಿಸಿಲುಂಟು" ಎಂಬ ಉತ್ತರ ಬರುವುದು ಇದಕ್ಕೇ.

ಕೇಂದ್ರ ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ಪಂಚಾಯಿತಿ ಮಟ್ಟದ ಮುನ್ಸೂಚನೆಯನ್ನು 2024ರಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಶುರು ಮಾಡಿದ್ದಾರೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ 2,000 ಕೋಟಿ ರೂಪಾಯಿಯ "ಮಿಷನ್ ಮೌಸಮ್" ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅಷ್ಟು ಹಣ ಹಾಕುವವರಿಗೆ ಚಿತ್ರದ ಅಂಚಿನಲ್ಲಿ ನಾಲ್ಕು ಕನ್ನಡ ಪದ ಹಾಕುವುದು ಭಾರವೇ?

ನಮ್ಮ ಬೇಡಿಕೆ

1. ಕಾರವಾರದಿಂದ ಮಂಗಳೂರಿನವರೆಗೆ ಒಂದೇ ರಾಡಾರ್ ಚಿತ್ರ, ಕಳೆದ ಒಂದು ಗಂಟೆಯ ಚಲನೆಯೊಂದಿಗೆ.
2. ಊರು, ಬಂದರು, ಅಳಿವೆ, ಘಟ್ಟದ ರಸ್ತೆಗಳ ಹೆಸರು ಕನ್ನಡದಲ್ಲಿ. ಅಂಕಿಯ ಬದಲು ಮಳೆಯ ಜೋರನ್ನು ಹೇಳುವ ಕನ್ನಡ ಪದ.
3. ಸಿಗ್ನಲ್ ಕಡಿಮೆ ಇರುವ ಕಡೆಯೂ ತೆರೆದುಕೊಳ್ಳುವ ಚಿಕ್ಕ ಗಾತ್ರದ ಪುಟ.
4. ರಾಡಾರ್ ನಿಂತಿದ್ದರೆ "ನಿಂತಿದೆ" ಎಂದು ದೊಡ್ಡದಾಗಿ ಬರೆಯಬೇಕು. ಮಳೆ ಇಲ್ಲದ ಚಿತ್ರ, ಕೆಟ್ಟ ಯಂತ್ರದ ಚಿತ್ರ ಎರಡೂ ಖಾಲಿಯೇ. ಕಡಲಿನಲ್ಲಿರುವವನಿಗೆ ಆ ವ್ಯತ್ಯಾಸ ಪ್ರಾಣದ ಪ್ರಶ್ನೆ.
5. ಚಿತ್ರದ ಹಿಂದಿನ ಅಂಕಿಅಂಶ ಎಲ್ಲರಿಗೂ ಮುಕ್ತವಾಗಿ ಸಿಗಬೇಕು. ಅಮೆರಿಕದಲ್ಲಿರುವ ಗೆಳೆಯರಿಗೆ ಗೊತ್ತು, ಅಲ್ಲಿನ ಸುಮಾರು 160 ರಾಡಾರ್‌ಗಳ ಮಾಹಿತಿಯನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು.

ಐದನೆಯದು ಸಿಕ್ಕರೆ ಉಳಿದ ನಾಲ್ಕನ್ನು ನಾವೇ ಮಾಡಿಕೊಡಬಹುದು. ನಮ್ಮಲ್ಲಿ ನಕ್ಷೆ ಬಲ್ಲವರಿದ್ದಾರೆ, ಮೊಬೈಲ್ ತಂತ್ರಾಂಶ ಬರೆಯುವವರಿದ್ದಾರೆ, ಕನ್ನಡ ಫಾಂಟ್ ಕೆಲಸ ಮಾಡಿದವರಿದ್ದಾರೆ. ಹಗಲೆಲ್ಲ ಬೇರೆ ದೇಶದ ಪಿಜ್ಜಾ ಎಲ್ಲಿಗೆ ಬಂತು ಎಂದು ತೋರಿಸುವ ತಂತ್ರಾಂಶ ಬರೆಯುವ ನಾವು ನಮ್ಮ ಊರಿನ ಮಳೆ ಎಲ್ಲಿಗೆ ಬಂತು ಎಂದು ತೋರಿಸಲಾರೆವೇ?

ರಾಡಾರ್ ಎಲ್ಲವನ್ನೂ ಕಾಯುವುದಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಂಥ ದುರಂತವನ್ನು ಅದೊಂದೇ ತಡೆಯಲಾರದು. ಘಟ್ಟದ ಮೇಲೆ ಅಲ್ಲಲ್ಲೇ ಹುಟ್ಟುವ ಮಳೆಯನ್ನು ಅದು ಮುಂಚೆಯೇ ಹೇಳಲಾರದು. ಇದನ್ನೂ ಕನ್ನಡದಲ್ಲೇ ಜನರಿಗೆ ತಿಳಿಸಬೇಕು. ಅರ್ಧ ತಿಳಿದ ಉಪಕರಣ ಅಪಾಯ.

ಈ ವಾರ ಪ್ರತಿಯೊಬ್ಬರೂ ಎರಡು ಪತ್ರ ಬರೆಯಿರಿ: ಒಂದು ಕೇಂದ್ರದ ಭೂ ವಿಜ್ಞಾನ ಸಚಿವಾಲಯಕ್ಕೆ, ಇನ್ನೊಂದು ನಿಮ್ಮ ಊರಿನ ಸಂಸದರಿಗೆ. ಸಾಧ್ಯವಾದರೆ ಕನ್ನಡದಲ್ಲೇ ಬರೆಯಿರಿ. ಮುಂದಿನ ಮುಂಗಾರಿನೊಳಗೆ ಈ ಕೆಲಸ ಆಗಬೇಕು. ಮಳೆ ನಮಗಾಗಿ ಕಾಯುವುದಿಲ್ಲ.

ಸಿರಿಗನ್ನಡಂ ಗೆಲ್ಗೆ!