ಹಬ್ಬಕ್ಕೆ ಪಕ್ಕದ ಮನೆಯವರನ್ನೂ ಕರೆಯೋಣ

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಕಳೆದ ತಿಂಗಳು ನಮ್ಮ ಮನೆ ಹತ್ತಿರದ ಕಾಲೇಜಿನಲ್ಲಿ ಓದುವ ಇಂಡೊನೇಷ್ಯಾದ ವಿದ್ಯಾರ್ಥಿಗಳು ತಮ್ಮ ನಾಡಿನ ಹಬ್ಬವೊಂದನ್ನು ನಡೆಸಿದರು. ಇಪ್ಪತ್ತೈದು ಮಂದಿಯೂ ಇರಲಿಲ್ಲ. ಆದರೆ ಕರಪತ್ರ ಬಡಾವಣೆಯ ಮನೆಮನೆಗೂ ಬಂದಿತ್ತು, ಅದೂ ಮರಾಠಿಯಲ್ಲಿ.

ಹೋದವರ ಕೈಗೆಲ್ಲ ಆಂಗ್‌ಕ್ಲುಂಗ್ ಎಂಬ ಬಿದಿರಿನ ವಾದ್ಯ ಕೊಟ್ಟರು. ಒಂದು ವಾದ್ಯಕ್ಕೆ ಒಂದೇ ಸ್ವರ. ಹಾಡಾಗಬೇಕಾದರೆ ಹಲವರು ಸೇರಬೇಕು. ಮುಂದೆ ನಿಂತ ಹುಡುಗಿ ಕೈಸನ್ನೆ ಮಾಡಿದಳು, ನಾವು ಅಲುಗಾಡಿಸಿದೆವು, ಹಾಡು ಬಂದೇಬಿಟ್ಟಿತು! 2010ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ವಾದ್ಯವಿದು. 2011ರಲ್ಲಿ ವಾಷಿಂಗ್ಟನ್‌ನಲ್ಲಿ 5 ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ನುಡಿಸಿದ್ದರು.

ನಮ್ಮ ಮೊದಲ ಗಣರಾಜ್ಯೋತ್ಸವಕ್ಕೆ, 1950ರಲ್ಲಿ, ಅತಿಥಿಯಾಗಿ ಬಂದವರು ಸುಕರ್ನೊ. 2025ರಲ್ಲಿ ಪ್ರಬೊವೊ ಸುಬಿಯಾಂತೊ ಬಂದರು. ಅದನ್ನು ನಾವು ಟಿವಿಯಲ್ಲಿ ನೋಡಿ ಮರೆತೆವು. ನಮ್ಮ ಬೀದಿಗೆ ಇಂಡೊನೇಷ್ಯಾ ತಲುಪಿದ್ದು ಈ ಮಕ್ಕಳಿಂದ. ಕಾರಣ ಸರಳ: ಊರಿನವರ ಭಾಷೆಯಲ್ಲಿ ಕರೆದರು, ಬಂದವರನ್ನು ಸುಮ್ಮನೆ ಕೂರಿಸಲಿಲ್ಲ, ಊರಿನವರಿಗೆ ಗೊತ್ತಿರುವ ಕಥೆಯಿಂದಲೇ ಶುರು ಮಾಡಿದರು.

ಆ ಕಥೆ ಮಹಾಭಾರತದ್ದು. ಎಮ್ಮೆ ತೊಗಲಿನ ಗೊಂಬೆಗಳ ನೆರಳಾಟ, ವಯಾಂಗ್. ಪಕ್ಕದಲ್ಲಿದ್ದ ಆಜಿಯೊಬ್ಬರು ‘ಅರ್ಜುನ, ಅರ್ಜುನ’ ಎಂದು ಮೊಮ್ಮಗನಿಗೆ ತೋರಿಸುತ್ತಿದ್ದರು. ‘ನಮ್ಮಲ್ಲೂ ತೊಗಲುಗೊಂಬೆಯಾಟ ಇದೆ’ ಎಂದು ನಾನು ಹೆಮ್ಮೆಯಿಂದ ಹೇಳಿದೆ. ‘ಹೌದಾ ಸರ್? ನಿಮ್ಮ ಹಬ್ಬಕ್ಕೆ ಇಲ್ಲಿ ಆಡಿಸುತ್ತೀರಾ?’ ಎಂದ ಗೊಂಬೆ ಕುಣಿಸುತ್ತಿದ್ದ ಹುಡುಗ. ಉತ್ತರ ತೋಚಲಿಲ್ಲ.

ನಮ್ಮ ರಾಜ್ಯೋತ್ಸವ ಹೇಗಿರುತ್ತದೆ, ನಿಮಗೇ ಗೊತ್ತು. ಸನ್ಮಾನ, ಭಾಷಣ, ಬಿಸಿಬೇಳೆಬಾತ್. ಹೇಳುವವರೂ ನಾವೇ, ಕೇಳುವವರೂ ನಾವೇ. ಪಕ್ಕದ ಫ್ಲಾಟಿನವರಿಗೆ ಕನ್ನಡ ಎಂದರೆ ಗಡಿ ಗಲಾಟೆಯ ಸುದ್ದಿ ಮಾತ್ರ. 2025ರ ಫೆಬ್ರುವರಿಯಲ್ಲಿ ಬೆಳಗಾವಿಯಲ್ಲಿ ಬಸ್ ಕಂಡಕ್ಟರ್ ಮೇಲೆ ಹಲ್ಲೆಯಾಗಿ, ಎರಡು ರಾಜ್ಯಗಳ ನಡುವೆ ಬಸ್ ಓಡಾಟಕ್ಕೆ ಪೆಟ್ಟು ಬಿದ್ದಾಗ, ಆಫೀಸಿನ ಕ್ಯಾಂಟೀನಿನಲ್ಲಿ ನಾನು ತಲೆತಗ್ಗಿಸಿ ಊಟ ಮುಗಿಸಿದ್ದೆ. ನಮ್ಮ ಬಗ್ಗೆ ಬೇರೆ ಏನನ್ನಾದರೂ ಅವರಿಗೆ ಮೊದಲೇ ತೋರಿಸಿದ್ದರೆ ಅಂದಿನ ಮಾತುಕತೆ ಬೇರೆಯಾಗಿರುತ್ತಿತ್ತೇನೋ.

ಒಂದು ಹಬ್ಬದಿಂದ ಗಡಿ ವಿವಾದ ಬಗೆಹರಿಯುವುದಿಲ್ಲ, ನಿಜ. ಪರನಾಡಿನಲ್ಲಿ ನಮ್ಮವರು ಒಂದೆಡೆ ಕೂಡಿ ಕನ್ನಡ ಆಡುವ ಸುಖವೂ ಕಡಿಮೆಯದಲ್ಲ. ಆದರೆ ಬಾಗಿಲು ಹಾಕಿಕೊಂಡ ಹಬ್ಬಕ್ಕೆ ನಮ್ಮ ಮಕ್ಕಳೇ ಬರುವುದು ನಿಲ್ಲಿಸಿದ್ದಾರೆ. ಅವರ ಗೆಳೆಯರೆಲ್ಲ ಹೊರಗಿದ್ದಾರೆ.

ಸಂಘದ ಸಭೆಯಲ್ಲಿ ಈ ಸಲ ನನ್ನ ಬೇಡಿಕೆ ಮೂರೇ. ಆಹ್ವಾನ ಮರಾಠಿಯಲ್ಲೂ ಇರಲಿ. ಸನ್ಮಾನ ಅರ್ಧ ಗಂಟೆಗೆ ಮುಗಿಯಲಿ. ಊರಿನಿಂದ ಒಂದು ತೊಗಲುಗೊಂಬೆ ಮೇಳ ಕರೆಸಿ, ಏರ್ಪಾಡನ್ನು ಕಾಲೇಜು ಮಕ್ಕಳಿಗೆ ವಹಿಸೋಣ. ಮುಂದಿನ ಸಾಲಿನ ಒಂದು ಕುರ್ಚಿ ಆ ಆಜಿಗೆ, ಇನ್ನೊಂದು ಗೊಂಬೆ ಕುಣಿಸಿದ ಹುಡುಗನಿಗೆ.