ಕ್ಯಾಮೆರಾದ ಆಯ್ಕೆ: ಅಂಕೆಯೋ, ಬೆಳಕೋ?

ಕ್ಯಾಮೆರಾ ಕೊಳ್ಳಹೊರಟವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಮೆಗಾಪಿಕ್ಸೆಲ್ಲುಗಳ ಸಂಖ್ಯೆಯನ್ನು. ಈ ಪ್ರಶ್ನೆ ತಪ್ಪಲ್ಲ. ಆದರೆ ಮೊದಲು ಕೇಳತಕ್ಕ ಪ್ರಶ್ನೆ ಇದಲ್ಲ. ಕಿಸೆಯಲ್ಲಿ ಹಿಡಿಯುವ ಕಾಂಪ್ಯಾಕ್ಟ್ ಕ್ಯಾಮೆರಾ ಸಾಕೆ, ಮಸೂರ ಬದಲಿಸಬಹುದಾದ ಆರಂಭದ ದರ್ಜೆಯ ಡಿಎಸ್‌ಎಲ್‌ಆರ್ ಬೇಕೆ ಎಂಬುದನ್ನು, ನಾವು ಚಿತ್ರ ತೆಗೆಯುವ ಸ್ಥಳದ ಬೆಳಕೇ ನಿರ್ಣಯಿಸಬೇಕು.

ಕಾಲ ಬದಲಾಗಿದೆ, ನಿಜ. 2010ರಲ್ಲಿ ಜಗತ್ತಿನಲ್ಲಿ 12 ಕೋಟಿಯಷ್ಟು ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಬಂದಿದ್ದುವು. ಅನಂತರ ಕಾಂಪ್ಯಾಕ್ಟಿನ ಸ್ಥಾನವನ್ನು ಮೊಬೈಲ್ ಫೋನೂ, ಡಿಎಸ್‌ಎಲ್‌ಆರಿನ ಸ್ಥಾನವನ್ನು ಕನ್ನಡಿರಹಿತ ಕ್ಯಾಮೆರಾವೂ ಬಹುಮಟ್ಟಿಗೆ ಆಕ್ರಮಿಸಿದುವು. ಆದರೂ ಬಳಸಿದ ಡಿಎಸ್‌ಎಲ್‌ಆರ್‌ಗಳು ಸುಲಭ ಬೆಲೆಗೆ ದೊರೆಯುವುದರಿಂದ ಪ್ರಶ್ನೆ ಇನ್ನೂ ಜೀವಂತವಾಗಿದೆ.

ಎರಡಕ್ಕೂ ಇರುವ ಮುಖ್ಯ ಅಂತರ, ಬೆಳಕನ್ನು ಗ್ರಹಿಸುವ ಸಂವೇದಕದ ವಿಸ್ತೀರ್ಣದಲ್ಲಿದೆ. ಸಾಮಾನ್ಯ ಕಾಂಪ್ಯಾಕ್ಟಿನಲ್ಲಿ ಅದು ಸುಮಾರು 28 ಚದರ ಮಿಲಿಮೀಟರು. ಆರಂಭದ ಡಿಎಸ್‌ಎಲ್‌ಆರಿನಲ್ಲಿ ಸುಮಾರು 330ರಿಂದ 370, ಎಂದರೆ ಹನ್ನೆರಡು ಹದಿಮೂರು ಪಾಲು. ಮಳೆಗಾಲದಲ್ಲಿ ಅಂಗಳದಲ್ಲಿ ಒಂದು ಲೋಟವನ್ನೂ ಒಂದು ಪರಾತವನ್ನೂ ಇರಿಸಿದರೆ ಯಾವುದರಲ್ಲಿ ಹೆಚ್ಚು ಹನಿಗಳು ಬೀಳುವುವೆಂದು ಹೇಳಬೇಕಾದುದಿಲ್ಲ. ಬೆಳಕೂ ಫೋಟಾನುಗಳೆಂಬ ಹನಿಗಳಾಗಿ ಬೀಳುವುದು. 100 ಫೋಟಾನುಗಳು ಬೀಳಬೇಕಾದಲ್ಲಿ 10ರಷ್ಟು, 10,000 ಬೀಳಬೇಕಾದಲ್ಲಿ 100ರಷ್ಟು ಏರುಪೇರು ಸಹಜ. ಮೊದಲನೆಯದು ಶೇಕಡ 10, ಎರಡನೆಯದು ಶೇಕಡ 1. ಮಬ್ಬಿನಲ್ಲಿ ತೆಗೆದ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವ ಕಲೆಗಳಿಗೆ ಈ ಏರುಪೇರೇ ಪ್ರಧಾನ ಕಾರಣ. ಮೆಗಾಪಿಕ್ಸೆಲ್ಲುಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಬೀಳುವ ಬೆಳಕು ಹೆಚ್ಚದು.

ನಮ್ಮ ನಾವುಂದದ ಪರಿಸರದಲ್ಲಿಯೇ ಇದನ್ನು ಪರೀಕ್ಷಿಸಬಹುದು. ಒಂದು ಪಕ್ಕದಲ್ಲಿ ಕಡಲು, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕೆ ಇರುವ ಮರವಂತೆಯ ಹೆದ್ದಾರಿಯಲ್ಲಿ ಹಗಲು ಹೊತ್ತು ನಿಂತವರಿಗೆ ಬೆಳಕಿನ ಬಡತನವಿಲ್ಲ. ಕಾಂಪ್ಯಾಕ್ಟ್ ಧಾರಾಳವಾಗಿ ಸಾಕು. ಸಮೀಪದ ಏಡಿಯನ್ನೋ ಹೂವನ್ನೋ ಹಿಡಿಯುವಾಗಲಂತೂ, ಚಿಕ್ಕ ಸಂವೇದಕದಿಂದ ಹಿಂದುಮುಂದಿನ ಭಾಗಗಳೆಲ್ಲ ಸ್ಫುಟವಾಗುವುದು ಅನುಕೂಲವೇ. ಆದರೆ ಅದೇ ಊರಿನ ಗದ್ದೆಯಲ್ಲಿ ರಾತ್ರಿ ಬಯಲಾಟ ನಡೆಯುವಾಗ ಪರಿಸ್ಥಿತಿ ಬೇರೆ. ಕ್ಯಾಮೆರಾದೊಳಗಿನ ಪುಟ್ಟ ಫ್ಲ್ಯಾಶು ಕೆಲವೇ ಮೀಟರು ದೂರ ತಲಪುವುದು. ತಲಪಿದರೂ ರಂಗಸ್ಥಳದ ಬಣ್ಣವನ್ನು ಕೆಡಿಸುವುದು. ಕುಣಿತದ ವೇಗವನ್ನು ಹಿಡಿಯಲು ಅಲ್ಪಕಾಲದಲ್ಲಿ ಹೆಚ್ಚು ಬೆಳಕು ಬೇಕು. ಅಲ್ಲಿ ದೊಡ್ಡ ಸಂವೇದಕಕ್ಕೆ ಸಾಟಿಯಿಲ್ಲ.

ಆದರೂ ಡಿಎಸ್‌ಎಲ್‌ಆರ್ ಕೊಂಡೊಡನೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಜೊತೆಗೆ ಬರುವ 18–55 ಮಿಲಿಮೀಟರಿನ ಮಸೂರವನ್ನು ದೂರಕ್ಕೆ ಎಳೆದಾಗ ಅದರ ಗರಿಷ್ಠ ದ್ವಾರ ಎಫ್/5.6, 50 ಮಿಲಿಮೀಟರಿನ ಎಫ್/1.8 ಮಸೂರವು ಅದಕ್ಕಿಂತ ಒಂಬತ್ತು ಪಾಲಿಗೂ ಮಿಕ್ಕಿ ಬೆಳಕನ್ನು ಒಳಬಿಡುವುದು. ಇದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕರಾವಳಿಯ ತೇವದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಇರಿಸಿದ ಬಿಗಿಮುಚ್ಚಳದ ಡಬ್ಬಿಯೂ, ಮರಳುಗಾಳಿಯಲ್ಲಿ ಮಸೂರ ಬದಲಿಸದ ಸಂಯಮವೂ ಅವಶ್ಯ. ಇಷ್ಟು ಆರೈಕೆಗೂ, ಭಾರವನ್ನು ಹೊರುವುದಕ್ಕೂ ಮನಸ್ಸಿಲ್ಲದವರು ಕಾಂಪ್ಯಾಕ್ಟನ್ನೇ ಕೊಳ್ಳುವುದು ಲೇಸು. ಕಪಾಟಿನಲ್ಲಿ ಕುಳಿತ ದೊಡ್ಡ ಕ್ಯಾಮೆರಾ ಯಾವ ಚಿತ್ರವನ್ನೂ ತೆಗೆಯದು.

ದುಡಿದು ಕೂಡಿಸಿದ ಹಣವನ್ನು ಅಂಕೆಯ ಮೋಹಕ್ಕೆ ಸುರಿಯುವ ತರುಣರಿಗೆ ನಾವು ಹೇಳುವುದಿಷ್ಟೆ: ನೀವು ಚಿತ್ರಿಸಬಯಸುವುದು ಹಗಲಿನ ಪ್ರವಾಸವನ್ನೋ, ಇರುಳಿನ ಆಟವನ್ನೋ ಎಂಬುದನ್ನು ಮೊದಲು ನಿಶ್ಚಯಿಸಿರಿ. ಪ್ರವಾಸದ ತಾಣಕ್ಕೆ ಮತ್ತೆ ಹೋಗಬಹುದು. ಹಿರಿಯ ಕಲಾವಿದನೊಬ್ಬನ ಆ ರಾತ್ರಿಯ ವೇಷ ಮರಳಿ ಬಾರದು.