ಪಟ ತೆಗೆದವರ ಹೆಸರೆಲ್ಲಿ?

ಬಾಗಲಕೋಟೆ ಜಿಲ್ಲೆಯ ಚಿತ್ರವೆಂದೊಡನೆ ಎಲ್ಲರ ಕಣ್ಣಿಗೆ ಕಟ್ಟುವವು ನಾಲ್ಕೇ ನಾಲ್ಕು: ಬಾದಾಮಿಯ ಮೇಣಬಸದಿ, ಐಹೊಳೆಯ ದುರ್ಗದ ಗುಡಿ, ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ, ಕೂಡಲಸಂಗಮ. ದಿನದರ್ಶಿಕೆಯ ಮೇಲೂ ಇವೇ, ಸ್ಮರಣಸಂಚಿಕೆಯ ಹೊದಿಕೆಯ ಮೇಲೂ ಇವೇ, ಕಚೇರಿಯ ಗೋಡೆಯ ಮೇಲೂ ಇವೇ. ಇವು ಸುಂದರವಲ್ಲವೆಂದು ಹೇಳುವ ಎದೆಗಾರಿಕೆ ಯಾರಿಗೂ ಇಲ್ಲ, ಇರಲೂಬಾರದು. ಆದರೆ ಆ ಪಟಗಳ ಕೆಳಗೆ ಗುಡಿಯ ಹೆಸರುಂಟು, ಅದನ್ನು ಕಟ್ಟಿಸಿದ ರಾಣಿ ಲೋಕಮಹಾದೇವಿಯ ಹೆಸರುಂಟು, ಅಚ್ಚು ಹಾಕಿಸಿದ ಧನಿಕರ ಹೆಸರುಂಟು. ಬಿಸಿಲಲ್ಲಿ ನಿಂತು ಪಟ ತೆಗೆದವರ ಹೆಸರು ಮಾತ್ರ ಇಲ್ಲ. ದೇವರ ದೀಪಕ್ಕೆ ಎಣ್ಣೆ ಬಿಟ್ಟವರ ಹೆಸರನ್ನೂ ಕಲ್ಲಿನಲ್ಲಿ ಕೊರೆದಿಟ್ಟ ನಾಡಿನಲ್ಲಿ ಇದನ್ನು ಸಣ್ಣ ಮರೆವೆಂದು ಬಿಡಲಾಗದು. ಇದು ಅನ್ಯಾಯ.

ಈ ಅನ್ಯಾಯದಲ್ಲಿ ಸಾಹಿತ್ಯಸಂಘಗಳ ಪಾಲೂ ಇದೆ. ಕವಿಗೋಷ್ಠಿಗೆ ಚಾವಡಿ ತೆರೆಯುತ್ತದೆ, ಕೀರ್ತನೆಗೆ ತೆರೆಯುತ್ತದೆ. ಸ್ಥಳೀಯ ಛಾಯಾಗ್ರಾಹಕರ ಪಟಗಳನ್ನು ಎಂಟು ದಿನ ತೂಗಹಾಕೋಣವೆಂದರೆ ಮಾತ್ರ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. “ಅದು ಯಂತ್ರದ ಕೆಲಸ, ಗುಂಡಿ ಒತ್ತಿದರೆ ಚಿತ್ರ. ಅದಕ್ಕೂ ಸಾಹಿತ್ಯಕ್ಕೂ ಏನು ನಂಟು?” ಎಂಬುದು ಅವರ ವಾದ. ಈ ವಾದವನ್ನು ಒಪ್ಪುವುದಾದರೆ ಮುದ್ರಣಯಂತ್ರದಿಂದ ಹೊರಬಂದ ಕಾವ್ಯವನ್ನೂ ಯಂತ್ರದ ಕೆಲಸವೆನ್ನಬೇಕಾದೀತು. ಬಾದಾಮಿಯ ಅಗಸ್ತ್ಯತೀರ್ಥದ ಮೂಡಣ ದಂಡೆಯಲ್ಲಿರುವ ಭೂತನಾಥನ ಗುಡಿಯು ಪಡುವಣಕ್ಕೆ ಮುಖ ಮಾಡಿದೆ. ಬೆಳಗಿನಲ್ಲಿ ಹೋದವರಿಗೆ ಅದು ನೆರಳಿನ ಮುದ್ದೆ; ಇಳಿಹೊತ್ತಿನಲ್ಲಿ ನಿಂತವರಿಗೆ ಕೆಂಗಲ್ಲಿನ ಬೆಟ್ಟವೂ ಗುಡಿಯೂ ನೀರೂ ಒಂದೇ ಬೆಳಕಿನಲ್ಲಿ ತೋರುತ್ತವೆ. ಯಾವ ಹೊತ್ತು, ಯಾವ ಮೆಟ್ಟಲು, ಯಾವುದನ್ನು ಒಳಗೆ ಕೊಳ್ಳಬೇಕು, ಯಾವುದನ್ನು ಹೊರಗೆ ಬಿಡಬೇಕು ಎಂಬ ವಿವೇಕವನ್ನು ಯಂತ್ರವು ಕಲಿಸಲಿಲ್ಲ. ಆ ನೆಲದಲ್ಲಿ ಬದುಕಿ, ಅದರ ಋತುಗಳನ್ನು ಬಲ್ಲವರಿಗೆ ಅದು ಬರುತ್ತದೆ.

ಕಲೆಯೆಂಬ ಮಾತನ್ನು ಬದಿಗಿಟ್ಟು ಸಾಕ್ಷ್ಯದ ಮಾತನ್ನೇ ಎತ್ತಿಕೊಂಡರೂ ಹಿರಿಯರ ವಾದ ನಿಲ್ಲದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಹಂಪೆಯ ಹಾಳುಗಳನ್ನು ಮೇಣ ಸವರಿದ ಕಾಗದದ ಮೇಲೆ ಸೆರೆಹಿಡಿದನು. ಆತನ ಪಟದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಇಂದು ಅದು ಇಲ್ಲ. ಅದೇ ರಥವು 2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಮೇಲೇರಿ ದೇಶದವರ ಕಿಸೆಗಳಲ್ಲೆಲ್ಲ ಸಂಚರಿಸುತ್ತಿದೆ. ಆದರೆ ಶಿಖರವಿಲ್ಲದ ರಥವಾಗಿ. ನೋಟನ್ನು ಹಿಡಿದ ಎಷ್ಟು ಮಂದಿಗೆ ಆ ಶಿಖರದ ಕಲ್ಪನೆಯಾದರೂ ಇದೆ? ಅದು ಹೇಗಿತ್ತೆಂದು ಕಣ್ಣಾರೆ ತೋರಿಸಲು ಉಳಿದಿರುವುದು ಆ ಹಳೆಯ ಪಟ. ಅದೇ ಕಾಲದಲ್ಲಿ ಬಿಗ್ಸ್, ಪಿಗೂ, ನೀಲ್ ಎಂಬವರು ಧಾರವಾಡ ಮತ್ತು ಮೈಸೂರು ಸೀಮೆಗಳ ಶಿಲ್ಪವನ್ನು ಚಿತ್ರಿಸಿದರು. 1866ರಲ್ಲಿ ಲಂಡನ್ನಿನಲ್ಲಿ ಅವು ಗ್ರಂಥರೂಪವಾಗಿ ಹೊರಬಂದವು. ಆ ಮೂವರ ಹೆಸರುಗಳು ಇಂದಿಗೂ ಉಳಿದಿವೆ. ಪರದೇಶದಿಂದ ಬಂದು ನಾಲ್ಕು ದಿನ ಬಿಡಾರ ಹೂಡಿದವರ ಹೆಸರು ನೂರೈವತ್ತು ವರ್ಷ ಬಾಳಿತು. ಇಲ್ಲಿಯೇ ಹುಟ್ಟಿ ಇಲ್ಲಿಯೇ ಪಟ ತೆಗೆಯುತ್ತಿರುವವರ ಹೆಸರು ಒಂದು ದಿನದರ್ಶಿಕೆಯ ಆಯುಷ್ಯದಷ್ಟೂ ಬಾಳುವುದಿಲ್ಲ.

ಬಾಗಲಕೋಟೆಗಿಂತ ಹೆಚ್ಚಾಗಿ ಈ ಪಾಠವನ್ನು ಕಲಿಯಬೇಕಾದ ಊರು ಬೇರೊಂದಿಲ್ಲ. ಘಟಪ್ರಭೆಯ ದಂಡೆಯ ಹಳೆಯ ಪಟ್ಟಣದ ಎಷ್ಟೋ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಸಂದವು. ಮನೆ ಕಳೆದುಕೊಂಡವರಿಗಾಗಿ ನವನಗರವು ಎದ್ದಿತು. ಅಳತೆ ಹಾಕಿದ ಬೀದಿಗಳಲ್ಲಿ ಸಂಖ್ಯೆಗಳುಂಟು. ಹಳೆಯ ಓಣಿಯ ಕಟ್ಟೆ, ಬೇವಿನ ಮರ, ಮಣ್ಣಿನ ಮಾಳಿಗೆ, ಸಂತೆಯ ನೆರವಿ ಇವು ಆ ಸಂಖ್ಯೆಗಳಲ್ಲಿಲ್ಲ. ನವನಗರದಲ್ಲಿ ಹುಟ್ಟಿದ ಮಗುವು “ಅಜ್ಜನ ಮನೆ ಎಲ್ಲಿತ್ತು?” ಎಂದು ಕೇಳಿದರೆ ನೀರಿನ ಕಡೆಗೆ ಬೆರಳು ತೋರಿಸಬೇಕಾಗುತ್ತದೆ. ಕಂದಾಯದ ಕಾಗದಗಳು ಮನೆಯ ಅಳತೆಯನ್ನು ಹೇಳುತ್ತವೆ, ಪರಿಹಾರದ ಮೊತ್ತವನ್ನು ಹೇಳುತ್ತವೆ. ಆ ಮನೆಯ ಬಾಗಿಲಲ್ಲಿ ಬೆಳಗಿನ ಬಿಸಿಲು ಹೇಗೆ ಬೀಳುತ್ತಿತ್ತೆಂದು ಹೇಳಲಾರವು. ಇದಿಷ್ಟಕ್ಕೇ ಮುಗಿಯಲಿಲ್ಲ. ಈಗ 519.6 ಮೀಟರ್ ಎತ್ತರದವರೆಗೆ ನಿಲ್ಲುವ ನೀರನ್ನು 524.256 ಮೀಟರ್ ಎತ್ತರಕ್ಕೆ ನಿಲ್ಲಿಸಬಹುದೆಂದು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು 2010ರಲ್ಲಿ ನಿರ್ಣಯಿಸಿದೆ. ಆ ನೀರು ಏರಿದ ದಿನ ಮತ್ತಷ್ಟು ಹೊಲ, ಮತ್ತಷ್ಟು ಊರು ಮುಳುಗುವುದು ನಿಶ್ಚಯ. ನೀರು ಬೇಕೆ ಬೇಡವೆ ಎಂಬುದು ಬೇರೆಯ ಚರ್ಚೆ. ಮುಳುಗುವುದಕ್ಕೆ ಮುನ್ನ ಆ ಊರುಗಳ ಪಟ ತೆಗೆದಿಡಬೇಕೆಂಬುದರಲ್ಲಿ ಚರ್ಚೆಗೆ ಎಡೆಯೇ ಇಲ್ಲ.

“ಈಗ ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲುಂಟು, ದಿನಕ್ಕೆ ಸಾವಿರ ಪಟ ಹುಟ್ಟುತ್ತವೆ, ಪ್ರದರ್ಶನವೇಕೆ?” ಎನ್ನುವವರೂ ಇದ್ದಾರೆ. ಕಣದಲ್ಲಿ ರಾಶಿ ಬಿದ್ದಿದೆಯೆಂದು ಯಾವ ಒಕ್ಕಲಿಗನೂ ತೂರುವುದನ್ನು ಬಿಡುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಪಟ್ಟದಕಲ್ಲಿನ ಗುಡಿಗಳನ್ನು ಹೊಕ್ಕಾಗ ತೆಗೆದ ಪಟಗಳು ಕೈಯಿಂದ ಕೈಗೆ ಹರಿದಾಡಿದವು. ಅವನ್ನು ತೆಗೆದವರು ಯಾರು, ಯಾವ ದಿನ, ಯಾವ ದಿಕ್ಕಿನಿಂದ ಎಂಬುದನ್ನು ಬರೆದಿಟ್ಟವರೆಷ್ಟು ಮಂದಿ? ತಾರೀಖಿಲ್ಲದ ಪಟವು ಮಿತಿಯಿಲ್ಲದ ಶಾಸನದಂತೆ; ಅಂದಕ್ಕೆ ಕೊರತೆಯಿಲ್ಲ, ಇತಿಹಾಸಕ್ಕೆ ಉಪಯೋಗ ಕಡಿಮೆ. ಮೇಲಾಗಿ ಸ್ಟುಡಿಯೋಗಳ ಹಳೆಯ ನೆಗೆಟಿವುಗಳು ಸೆಕೆಗೂ ತೇವಕ್ಕೂ ಸಿಕ್ಕಿ ಸುರುಟಿಕೊಂಡು ಹುಳಿವಾಸನೆ ಹಿಡಿಯುತ್ತವೆ. ಗಣಕದೊಳಗಿನವು ಒಂದು ಯಂತ್ರ ಕೆಟ್ಟರೆ ಒಟ್ಟಿಗೇ ಹೋಗುತ್ತವೆ. ಆಯ್ದು, ಹೆಸರಿಟ್ಟು, ತಾರೀಖು ಬರೆದು, ಕಾಗದದ ಮೇಲೆ ತೆಗೆದು, ಎರಡು ಕಡೆ ಕಾದಿಡುವವರಿಲ್ಲದಿದ್ದರೆ ಸಾವಿರವೂ ಒಂದೇ, ಸೊನ್ನೆಯೂ ಒಂದೇ.

ಹೆಸರಿನ ವಿಷಯದಲ್ಲಿ ಇದನ್ನು ದಾಕ್ಷಿಣ್ಯದ ಮಾತೆಂದು ತಿಳಿಯಬೇಕಾಗಿಲ್ಲ. 1957ರ ಕೃತಿಸ್ವಾಮ್ಯದ ಕಾಯಿದೆಯು ಪಟ ತೆಗೆದವರನ್ನೇ ಅದರ ಕರ್ತೃವೆಂದು ಕರೆಯುತ್ತದೆ. ಹಣ ಕೊಟ್ಟು ತೆಗೆಸಿದವರಿಗೆ ಸ್ವಾಮ್ಯವು ಸಂದರೂ, ಕರ್ತೃವು ತಾನೇ ಕರ್ತೃವೆಂದು ಹೇಳಿಕೊಳ್ಳುವ ಹಕ್ಕನ್ನು ಅದರ 57ನೆಯ ಕಲಮು ಕಾದಿರಿಸಿದೆ. ಕವಿತೆಗೆ ಕವಿಯ ಜೀವಿತಕಾಲವೂ ಅನಂತರ ಅರವತ್ತು ವರ್ಷವೂ ರಕ್ಷಣೆ. ಪಟಕ್ಕೆ ಮಾತ್ರ ಪ್ರಕಟವಾದಂದಿನಿಂದ ಅರವತ್ತು ವರ್ಷವೆಂಬ ಭೇದವಿತ್ತು. 2012ರ ತಿದ್ದುಪಡಿಯು ಅದನ್ನೂ ಅಳಿಸಿತು. ಕಾಯಿದೆಯು ಛಾಯಾಗ್ರಾಹಕರನ್ನು ಕವಿಯ ಪಂಕ್ತಿಯಲ್ಲಿ ಕೂಡಿಸಿದ ಮೇಲೂ ಸಾಹಿತ್ಯಸಂಘವು ಅವರನ್ನು ಹೊರಜಗುಲಿಯಲ್ಲಿ ನಿಲ್ಲಿಸುವುದು ಯಾವ ಸಂಸ್ಕೃತಿ?

ಛಾಯಾಗ್ರಾಹಕರಿಗೂ ಒಂದು ಮಾತು ಸಲ್ಲಬೇಕು. ದೂರದ ಸ್ಪರ್ಧೆಗಳ ಪದಕಕ್ಕಾಗಿ ಕುರಿಹಿಂಡನ್ನು ಬೇಕೆಂದೇ ಓಡಿಸಿ ಧೂಳೆಬ್ಬಿಸುವುದು, ರುಮಾಲಿನ ಮುದುಕನ ಸುಕ್ಕುಗಳನ್ನೇ ಮತ್ತೆ ಮತ್ತೆ ತೋರಿಸುವುದು, ತಂತಿ ಕಂಬವನ್ನು ಅಳಿಸಿ ಊರನ್ನು ಪುರಾಣದ ಊರನ್ನಾಗಿ ಮಾಡುವುದು ನೆಲದ ಸೇವೆಯಲ್ಲ. ಗುಳೇದಗುಡ್ಡದ ಖಣದ ಮಗ್ಗ, ಇಲಕಲ್ಲಿನ ಸೀರೆಯ ಟೋಪ ತೆನಿಯ ಸೆರಗು, ಮುಧೋಳದ ಕಬ್ಬಿನ ಗಾಡಿ, ಜಮಖಂಡಿಯ ಪೇಟೆ, ಬೀಳಗಿಯ ಹಿನ್ನೀರಿನಂಚಿನ ಜಾಲಿಮುಳ್ಳು, ನವನಗರದ ಬಸ್ಸು ನಿಲ್ದಾಣ ಇವೆಲ್ಲ ಚಿತ್ರಕ್ಕೆ ಅರ್ಹವೇ. ಇಂಥ ಪಟಗಳಿಂದ ಜಿಲ್ಲೆಯ ಬಡತನ ಬಯಲಾದೀತೆಂದು ಅಂಜುವವರು ಬಡತನಕ್ಕೆ ನಾಚಲಿ, ಪಟಕ್ಕಲ್ಲ.

ಆಗಬೇಕಾದುದು ದೊಡ್ಡ ಖರ್ಚಿನ ಕೆಲಸವಲ್ಲ. ಜಿಲ್ಲೆಯ ಸಂಘವು ವರ್ಷಕ್ಕೊಮ್ಮೆ ತಾಲೂಕುವಾರಾಗಿ ಪಟಗಳನ್ನು ತರಿಸಲಿ; ಬಹುಮಾನದ ಗೊಡವೆ ಬೇಡ. ಪ್ರತಿಯೊಂದರ ಕೆಳಗೂ ತೆಗೆದವರ ಹೆಸರು, ಸ್ಥಳ, ತಿಂಗಳು, ವರ್ಷ ಇರಲಿ. ಪ್ರದರ್ಶನವು ಸಂಘದ ಚಾವಡಿಯಲ್ಲಿಯೇ ಮುಗಿಯದೆ ಶಾಲೆಗಳಿಗೂ, ಮುಳುಗಡೆಯ ಊರುಗಳಿಗೂ ಹೋಗಲಿ. ಅಲ್ಲಿಯ ಮುದುಕರು ಗುರುತಿಸಿ ಹೇಳಿದ ಮನೆ, ಮರ, ಮನುಷ್ಯರ ಹೆಸರುಗಳನ್ನು ಬರೆದುಕೊಳ್ಳಲಿ. ಒಂದೊಂದು ಪ್ರತಿ ಗ್ರಂಥಾಲಯದಲ್ಲಿ ಉಳಿಯಲಿ. ಹೆಸರಿಲ್ಲದ ಪಟವನ್ನು ಯಾವ ಮಾಸಪತ್ರಿಕೆಯೂ ಅಚ್ಚು ಹಾಕಬಾರದೆಂಬ ನಿಯಮವು ಇದೇ ತಿಂಗಳಿಂದ ನಡೆಯಲಿ. ನೀರು ಏರುವುದಕ್ಕೆ ಸರಕಾರದ ಅಪ್ಪಣೆ ಬೇಕು, ಹಣ ಬೇಕು, ಕಾಲ ಬೇಕು. ಈ ಕೆಲಸಕ್ಕೆ ಒಂದು ಗೋಡೆ, ಹತ್ತು ಮೊಳೆ, ಸ್ವಲ್ಪ ಮರ್ಯಾದೆ ಸಾಕು. ಇಷ್ಟನ್ನೂ ಮಾಡಲಾರದ ಸಂಘಕ್ಕೆ, ಊರು ಮುಳುಗಿದ ಮೇಲೆ ಅದರ ಮೇಲೆ ಶೋಕಗೀತೆ ಬರೆಯುವ ಅಧಿಕಾರವಿಲ್ಲ.